ಎರಡನೇ ಜಾಗದ ಡಮ್ಮಿ

೧ ಡಿಸೆಂಬರ್ ೨೦೦೩, ಸೋಮವಾರ, ರಾಮದುರ್ಗ

ಪರೀಕ್ಷಾ ಕೇಂದ್ರದ ಕಾಗದ ಬಂತು. ಇದೇ ಇಪ್ಪತ್ತನೇ ತಾರೀಖು ಶನಿವಾರ ಸಾಹೇಬರೊಬ್ಬರು ಬಂದು ನಮ್ಮ ಕಂಪ್ಯೂಟರ್ ತರಗತಿಯನ್ನು ನೋಡುತ್ತಾರಂತೆ. ಹದಿನೈದೂ ಯಂತ್ರಗಳು ಒಟ್ಟಿಗೆ ಒಂದು ತಾಸು ನಿಲ್ಲದೆ ನಡೆಯಬೇಕು. ನಡೆದರೆ ಕೇಂದ್ರ ನಮ್ಮದು. ಇಲ್ಲವಾದರೆ ನಮ್ಮ ಮಕ್ಕಳು ಪರೀಕ್ಷೆಗೆ ಬೈಲಹೊಂಗಲಕ್ಕೆ ಹೋಗಬೇಕು. ಪರೀಕ್ಷೆ ಎಲ್ಲಿಯೋ ಪಾಠವೂ ಅಲ್ಲೇ ಎಂದುಕೊಳ್ಳುವ ಜನ ಇದು. ಹೊಸ ವರ್ಷಕ್ಕೆ ನಾನು ಬೋರ್ಡು ಇಳಿಸಿ ಅದರ ತಗಡನ್ನು ಕೋಳಿಗೂಡಿಗೆ ಹೊದಿಸಬಹುದು.

ತೊಡಕು ಒಂದೇ. ನಮ್ಮ ಹದಿನೈದು ಯಂತ್ರಗಳಿಗೆ ಸ್ವಂತ ತಲೆ ಇಲ್ಲ. ಮೂಲೆಯ ಕಪಾಟಿನಲ್ಲಿರುವ ಸರ್ವರೇ ಎಲ್ಲಕ್ಕೂ ತಲೆ. ಪುಣೆಯ ಕಂಪನಿಯೊಂದು ಹಳತಾಯಿತೆಂದು ಹರಾಜಿಗಿಟ್ಟಿದ್ದನ್ನು ಇಸ್ರಾರ ಹಿಡಿದು ತಂದದ್ದು. ಹತ್ತು ಮಕ್ಕಳು ಕುಳಿತರೆ ಓಡುತ್ತದೆ, ಹನ್ನೆರಡು ಕುಳಿತರೆ ತೇಕುತ್ತದೆ, ಹದಿನೈದು ಎಂದೂ ಕೂರಿಸಿಲ್ಲ.

ಇಸ್ರಾರ ನನ್ನ ಪಾಲುದಾರ. ಕೋಣೆಯೂ ಮಾತೂ ನನ್ನವು, ಯಂತ್ರವೂ ಕೈಕೆಲಸವೂ ಅವನವು. ಅವನ ಅಪ್ಪ ಖಾಸಿಮಸಾಬರೂ ನನ್ನ ಅಪ್ಪನೂ ಯರಗಟ್ಟಿಯ ದನದ ಸಂತೆಯಲ್ಲಿ ಎದುರುಬದುರು ಕುಳಿತು ಎತ್ತು ಮಾರಿದವರು. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದರು. ವಲ್ಲಿಯ ಕೆಳಗೆ ಆದದ್ದನ್ನು ಮೇಲೆ ಯಾರೂ ಆಡಬಾರದು, ಹೆಂಡತಿ ಕೇಳಿದರೂ ಕೂಡ. ಅದು ಸಂತೆಯ ಕಟ್ಟು. ಆ ಇಬ್ಬರು ಒಬ್ಬರನ್ನೊಬ್ಬರು ನಂಬಿದ್ದರು ಎಂದು ಜನ ಹೇಳುತ್ತಾರೆ. ನಂಬಿದ್ದರೆ ವಲ್ಲಿ ಯಾಕೆ ಬೇಕಿತ್ತು?

ಕಪಾಟಿನ ಚಾವಿ ಒಂದೇ, ಅದು ನನ್ನ ಉಡದಾರದಲ್ಲಿದೆ. ಪಾಲು ಎರಡಾದರೆ ಚಾವಿ ಎರಡಾಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಇಸ್ರಾರ ಹೇಳುತ್ತಾನೆ: ಮೆಮೊರಿ ಹೆಚ್ಚಿಸೋಣ. ಬೈಲಹೊಂಗಲದ ಅಂಗಡಿಯ ಗಂಗಯ್ಯನವರು ಫೋನಿನಲ್ಲಿ ಹೇಳುತ್ತಾರೆ: ಇನ್ನೊಂದು ಪ್ರೊಸೆಸರ್ ಹಾಕಿಸಿರಿ, ಮೊದಲಿನದರ ಜೋಡಿಯೇ ನನ್ನ ಹತ್ತಿರ ಇದೆ, ಜೋಡಿ ಎತ್ತಿನ ಹಾಗೆ ಹಲ್ಲು ಕೂಡುತ್ತದೆ. "ಎರಡು ಪ್ರೊಸೆಸರ್ ಅಂದ್ರ ಬೋರ್ಡಿನ ಮ್ಯಾಲ ಬರಸಾಕ ಬರತೈತಿ ಸಾಹುಕಾರ್ರ. ಮೆಮೊರಿ ಯಾರಿಗಿ ಕಾಣತೈತಿ?"

ಕಾಣುವುದನ್ನು ಮಾರುವವನು ಒಬ್ಬ, ಕಾಣದ್ದನ್ನು ಮಾರುವವನು ಇನ್ನೊಬ್ಬ. ಇಬ್ಬರಿಗೂ ನನ್ನ ಮೇಲೆ ಒಮ್ಮೆಲೇ ಇಷ್ಟು ಅಕ್ಕರೆ ಹುಟ್ಟಿದ್ದು ಯಾಕೆ ಎಂಬುದೇ ವಿಚಾರ ಮಾಡುವ ಮಾತು.

೩ ಡಿಸೆಂಬರ್, ಬುಧವಾರ

ಇಸ್ರಾರ ಸವದತ್ತಿಯಿಂದ ಯಾರದೋ ಮೆಮೊರಿಯ ಪಟ್ಟಿಯೊಂದನ್ನು ನೋಡಲಿಕ್ಕೆಂದು ಇಸಿದುಕೊಂಡು ಬಂದ. ಬೆರಳುದ್ದದ ಪಟ್ಟಿ, ಮೈತುಂಬ ಕರಿ ಚೌಕ. ಹಾಕಿ ಗುಂಡಿ ಒತ್ತಿದ. ಸರ್ವರ್ ಕೀಂಯ್ ಕೀಂಯ್ ಎಂದು ಒದರಿತು, ಪರದೆ ಮೇಲೆ ಏನೂ ಇಲ್ಲ.

"ಒಲ್ಲೆ ಅಂತೈತಿ," ಎಂದ.

"ಯಾಕ?"

"ಮನಿ ಕಂಪ್ಯೂಟರಿನ ಮೆಮೊರಿ ಇದಕ್ಕ ನಡಿಯಂಗಿಲ್ಲಣ್ಣ. ತನ್ನ ತಪ್ಪು ತಾನ ಹಿಡಿಯೂ ಮೆಮೊರಿ ಬೇಕಂತ. ನಾ ಮೊದ್ಲ ನೋಡಬೇಕಾಗಿತ್ತು, ನೋಡ್ಲಿಲ್ಲ."

"ತನ್ನ ತಪ್ಪು ತಾನ ಹಿಡಿಯೂದು? ಅಂಥಾದು ಮನಷ್ಯಾರಾಗ ನಾ ಕಂಡಿಲ್ಲ."

"ಅದಕ್ಕ ತುಟ್ಟಿ ಐತ್ರಿ."

ನಕ್ಕ. ಪಟ್ಟಿ ತೆಗೆದ ಮೇಲೆ ಸರ್ವರ್ ಮೊದಲಿನಂತೆ ಎದ್ದಿತು. ತಿಳಿಯದೆ ತಂದನೋ, ಸಾದಾ ಮೆಮೊರಿ ನಡೆಯುವುದಿಲ್ಲ ಎಂದು ನನ್ನ ಕಣ್ಣೆದುರೇ ತೋರಿಸಿ ತುಟ್ಟಿಯದಕ್ಕೆ ದಾರಿ ಮಾಡಿಕೊಂಡನೋ? "ನೋಡ್ಲಿಲ್ಲ" ಎಂದು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರನ್ನು ನಾನು ಸಂತೆಯಲ್ಲಿ ಕಂಡಿದ್ದೇನೆ. ಎತ್ತಿನ ಮೈಮೇಲಿನ ಸಣ್ಣ ಕೆಟ್ಟ ಸುಳಿ ತೋರಿಸಿ ದೊಡ್ಡ ಸುಳಿ ಮುಚ್ಚುತ್ತಾರೆ.

೫ ಡಿಸೆಂಬರ್, ಶುಕ್ರವಾರ

ಇವತ್ತು ಹನ್ನೆರಡು ಮಕ್ಕಳನ್ನು ಕೂರಿಸಿ, ಸರ್ವರಿನ ಪರದೆಯ ಮುಂದೆ ನನ್ನನ್ನೂ ಕೂರಿಸಿದ. ಅಲ್ಲಿ ಎರಡು ಗೆರೆಗಳು. ಪ್ರೊಸೆಸರಿನ ಗೆರೆ ಕೆಳಗೆ ಮಧ್ಯಾಹ್ನದ ನಾಯಿಯ ಹಾಗೆ ಮಲಗಿತ್ತು. ಮೆಮೊರಿಯದು ತೊಲೆಗೆ ತಲೆ ಬಡಿದು ನಿಂತಿತ್ತು. ಪೆಟ್ಟಿಗೆಯ ಮುಂದಿನ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಡಿಸ್ಕು ಒಳಗೆ ಕರಕರ ಎನ್ನುತ್ತಿತ್ತು.

"ನೋಡ್ರಿ ಅಣ್ಣ. ಎತ್ತು ಗಟ್ಟಿ ಐತಿ, ಮೇವು ಹಾಕೂ ಗ್ವಾದಲಿ ಸಣ್ಣದು. ಮೇವು ಹಿಡಿಯೂದಿಲ್ಲ. ತುತ್ತು ತುತ್ತಿಗೂ ಬಣವಿಗೆ ಹೋಗಿ ಹಿರಿದು ತರಾಕ ಹತ್ತೈತಿ, ಆ ಕೆಂಪು ದೀಪ ಅದ. ಇನ್ನೊಂದು ಎತ್ತು ತಂದು ಕಟ್ಟಿದ್ರ ಅದೂ ಬಂದು ಅದ ಗ್ವಾದಲಿ ಮುಂದ ಬಾಯಿ ತಗದು ನಿಂದರತೈತಿ. ಗ್ವಾದಲಿ ದೊಡ್ಡದು ಮಾಡೂಣು. ನಾಲ್ಕು ಜಾಗ ಅದಾವು, ನಾಲ್ಕಕ್ಕೂ ದೊಡ್ಡ ಪಟ್ಟಿ ಹಾಕೂಣು."

"ಎರಡು ಸಾಕು."

"ಎರಡು ಹಾಕಿದ್ರ ಹದಿಮೂರು ಮಂದಿ ಕುಂದರತಾರ. ಉಳದ ಇಬ್ಬರನ್ನ ನೀವು ಮಾತಾಡಿಸಿಕೋಂತ ಹೊರಗ ಕುಂದ್ರಿಸ್ತೀರೇನು?"

ಮಕ್ಕಳು ನಕ್ಕವು. ನಾನೂ ನಗಬೇಕಾಯಿತು. ಗ್ವಾದಲಿಯ ಮಾತು ನನಗೆ ಸರಿಯಾಗಿ ನಾಟಿತು, ಅದಕ್ಕೇ ಅನುಮಾನ. ಈ ಮನುಷ್ಯ ಕಂಪ್ಯೂಟರಿನ ಮಾತನ್ನು ಯಾವಾಗಲೂ ಕಂಪ್ಯೂಟರಿನ ಭಾಷೆಯಲ್ಲೇ ಹೇಳುವವನು. ಒಮ್ಮೆಲೇ ನನ್ನ ಅಪ್ಪನ ಭಾಷೆಗೆ ಇಳಿದಿದ್ದಾನೆ. ಗಿರಾಕಿಯ ಭಾಷೆಯಲ್ಲಿ ಮಾತಾಡುವವನಿಗೆ ಏನೋ ಮಾರುವುದಿರುತ್ತದೆ. ನಾನೇ ಹಾಗೆ ಮಾರಿ ಇಲ್ಲಿಯವರೆಗೆ ಬಂದವನು.

ವಿಚಾರ ಮಾಡಿ ಹೇಳುತ್ತೇನೆ ಎಂದೆ.

೮ ಡಿಸೆಂಬರ್, ಸೋಮವಾರ

ಸಿಕ್ಕಿತು.

ಊಟ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಇಸ್ರಾರ ಗಂಗಯ್ಯನವರ ಜೊತೆ ಫೋನಿನಲ್ಲಿದ್ದ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿಡುತ್ತೇನೆ:

"ಇಲ್ರಿ, ಎರಡನೇದು ಡಮ್ಮಿ ಐತಿ. ಹೂಂ, ಡಮ್ಮಿನ. ನಡದೈತಲ್ರಿ ಇಷ್ಟು ದಿನ, ನಡೀತೈತಿ. ಅಣ್ಣಗ ಇದನ್ನೆಲ್ಲ ಹೇಳಾಕ ಹೋಗಬ್ಯಾಡ್ರಿ ಮತ್ತ, ಸುಮ್ನ ತಲಿ ಕೆಡಿಸ್ಕೊಂತಾರ."

ನನ್ನನ್ನು ಕಂಡು ಫೋನಿಟ್ಟ. "ಚಾ ಹೇಳ್ಲೇನ್ರಿ ಅಣ್ಣ?" ಎಂದ. ಚಹಾ ಕುಡಿದೆ. ಸಕ್ಕರೆ ಒಂದಿಷ್ಟು ಹೆಚ್ಚೇ ಇತ್ತು.

ಡಮ್ಮಿ ಎಂಬುದಕ್ಕೆ ನನಗೆ ತಿಳಿದ ಅರ್ಥ ಎರಡು. ಚುನಾವಣೆಯಲ್ಲಿ ಓಟು ಒಡೆಯಲು ನಿಲ್ಲಿಸಿದವನು ಡಮ್ಮಿ. ಪರೀಕ್ಷೆಯಲ್ಲಿ ಇನ್ನೊಬ್ಬನ ಹೆಸರಿನಲ್ಲಿ ಕೂರುವವನು ಡಮ್ಮಿ. ಎರಡರಲ್ಲಿಯೂ ಅಸಲಿ ಎಲ್ಲಿದೆ ಎಂದು ಕೇಳಬೇಕಾಗುತ್ತದೆ.

೯ ಡಿಸೆಂಬರ್, ಮಂಗಳವಾರ

ಸಿರಸಂಗಿಯ ಶಾಲೆಯಲ್ಲಿ ಕಂಪ್ಯೂಟರ್ ಕೆಟ್ಟಿದೆಯೆಂದು ಇಸ್ರಾರ ಬೆಳಿಗ್ಗೆಯೇ ಹೋದ. ನಾನು ತರಗತಿಗೆ ರಜೆ ಕೊಟ್ಟು, ಸರ್ವರ್ ಆರಿಸಿ, ವಾಯರು ಕಿತ್ತು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದೆ.

ಮುಂದೆ ಅಂಟಿಸಿದ ಚೀಟಿಯಲ್ಲಿ ಇಂದಿಗೂ ಓದಲು ಬರುತ್ತದೆ: ಡ್ಯುಯಲ್ ಪ್ರೊಸೆಸರ್. ಡ್ಯುಯಲ್ ಎಂದರೆ ಜೋಡಿ, ಅಷ್ಟು ನನಗೂ ಗೊತ್ತು. ಒಳಗೆ ಎರಡು ಜಾಗಗಳೂ ಇವೆ. ಒಂದರಲ್ಲಿ ಫ್ಯಾನು ಹೊತ್ತ ಕರಿಯ ಗಟ್ಟಿ ಆಸಾಮಿ. ಪಕ್ಕದ್ದರಲ್ಲಿ ಒಂದು ತೆಳ್ಳನೆಯ ಹಸಿರು ಪಟ್ಟಿ, ಉಂಡು ತೊಳೆದಿಟ್ಟ ತಾಟಿನ ಹಾಗೆ ಖಾಲಿ. ಅದರ ಮೇಲೆ ಸಾಸಿವೆ ಕಾಳಿನಂಥ ಏನೋ ನಾಲ್ಕಾರು ಚುಕ್ಕೆ, ಅಷ್ಟೇ. ಪ್ರೊಸೆಸರನ್ನು ಕಿತ್ತುಕೊಂಡು ಅದರ ಹಿಂದಿನ ಪಟ್ಟಿಯನ್ನು ಮಾತ್ರ ನನ್ನ ಪಾಲಿಗೆ ಬಿಟ್ಟಿದ್ದಾನೆ.

ಜೋಡಿ ಎತ್ತು ಎಂದು ಬರೆದು, ಒಂದನ್ನು ಮಾರಿ, ಅದರ ಜಾಗದಲ್ಲಿ ಬೆದರುಗೊಂಬೆ ಕಟ್ಟಿದ ಹಾಗಾಯಿತು. ಈಗ ಅದೇ ಎತ್ತನ್ನು ಗಂಗಯ್ಯನವರ ಕೈಯಿಂದ ನನಗೇ ಮಾರುವವರು. ಮೆಮೊರಿ ಮೆಮೊರಿ ಎಂದು ಇವನು ಬಡಿದುಕೊಂಡದ್ದು ನನ್ನ ಕಣ್ಣು ಆ ಜಾಗಕ್ಕೆ ಹೋಗದಿರಲಿ ಎಂದು.

ಪಟ್ಟಿಯನ್ನು ಕಿತ್ತು ನನ್ನ ವಲ್ಲಿಯಲ್ಲಿ ಸುತ್ತಿ ಮನೆಗೆ ತಂದು, ಟ್ರಂಕಿನಲ್ಲಿ ಹೆಂಡತಿ ಮೀನಾಳ ಸೀರೆಗಳ ಅಡಿ ಇಟ್ಟೆ. ಸಾಕ್ಷಿ ಇರಬೇಕು. ತಗಡು ಮುಚ್ಚಿ ಸ್ಕ್ರೂಗಳನ್ನು ಮೊದಲಿನಷ್ಟೇ ಬಿಗಿದಿದ್ದೇನೆ.

೧೦ ಡಿಸೆಂಬರ್, ಬುಧವಾರ

ಸರ್ವರ್ ಏಳಲಿಲ್ಲ. ಫ್ಯಾನು ತಿರುಗುತ್ತದೆ, ಪರದೆ ಕಪ್ಪು. ಒದರುವುದೂ ಇಲ್ಲ.

ಸಿರಸಂಗಿಗೆ ಹೋಗುವ ಮುಂಚೆ ಏನು ಮಾಡಿಟ್ಟು ಹೋಗಿದ್ದನೋ. ನಾನು ವಾಸನೆ ಹಿಡಿದೆ ಎಂದು ಹೇಗೆ ತಿಳಿಯಿತೋ.

ಅವನು ತಗಡು ಬಿಚ್ಚಿ ಒಳಗೆ ನೋಡಿದ. ಬಹಳ ಹೊತ್ತು ನೋಡಿದ. ನನ್ನನ್ನು ನೋಡಿದ. ಮತ್ತೆ ಒಳಗೆ ನೋಡಿದ.

"ನಿನ್ನೆ ಯಾರರ ಇದನ್ನ ಬಿಚ್ಚಿದ್ರೇನಣ್ಣ?"

"ಚಾವಿ ನನ್ನ ಕಡೆ ಐತಿ. ಯಾರು ಬಿಚ್ಚತಾರ?"

"ಅದ ಅಂದೆ," ಎಂದ.

ತಗಡು ಮುಚ್ಚಿದ. ತಪ್ಪಿತಸ್ಥನಿಗೆ ಮಾತು ಕಡಿಮೆ ಎಂದು ಅಪ್ಪ ಹೇಳುತ್ತಿದ್ದ.

೧೧ ಡಿಸೆಂಬರ್, ಗುರುವಾರ

ತರಗತಿ ಇಲ್ಲ. ಮಕ್ಕಳು ಬಂದು ಬಾಗಿಲಲ್ಲಿ ನಿಂತು ಹೋದವು. ನಾವಿಬ್ಬರೂ ದಿನವಿಡೀ ಒಂದೇ ಕೋಣೆಯಲ್ಲಿ. ಅವನು ಚಹಾ ಹೇಳಲಿಲ್ಲ, ನಾನೂ ಹೇಳಲಿಲ್ಲ.

೧೩ ಡಿಸೆಂಬರ್, ಶನಿವಾರ

ಮೀನಾ ಮದುವೆಗೆ ಹೋಗಲು ಸೀರೆ ತೆಗೆದಳು.

"ಏನ್ರಿ, ನನ್ನ ಇಳಕಲ್ ಸೀರಿ ಅಡ್ಯಾಗ ಈ ಹಸರ ಪಟ್ಟಿ ಏನಿದು?"

"ಸಾಕ್ಷಿ. ಇದ್ದಲ್ಲೆ ಇಡು."

"ಯಾವುದಕ್ಕ ಸಾಕ್ಷಿ?"

ಹೇಳಿದೆ. ಜಾಣೆ, ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ.

"ಇದನ್ನ ಕಿತ್ತಿದ್ದು ಯಾವತ್ತು?"

"ಮಂಗಳವಾರ."

"ಯಂತ್ರ ಮಕ್ಕೊಂಡಿದ್ದು?"

"ಬುಧವಾರ."

ಪಟ್ಟಿಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ಇಸ್ರಾರಣ್ಣನ್ನ ಒಂದು ಮಾತು ಕೇಳಿದ್ರ ನಿಮ್ಮ ಬಾಯಿ ಸವೀತೈತೇನು?"

"ಕೇಳಿದ್ರ ಹುಷಾರಾಗತಾನ."

"ಆಗಲಿ ಬಿಡ್ರಿ, ಮನ್ಯಾಗ ಒಬ್ಬರರ ಹುಷಾರಾಗಲಿ," ಎಂದು ರೊಟ್ಟಿ ಬಡಿಯಲು ಹೋದಳು. ಬಡಿಯುವ ಸಪ್ಪಳ ಇವತ್ತು ಓಣಿಗೆಲ್ಲ ಕೇಳಿಸುವ ಹಾಗಿತ್ತು. ಕಂಪ್ಯೂಟರಿನ ಒಳಗಿನ ಮಾತು ಹೆಂಗಸರಿಗೆ ತಿಳಿಸುವುದು ಕಷ್ಟ.

ನಿರ್ಧಾರ ಮಾಡಿದ್ದೇನೆ. ಗಂಗಯ್ಯನವರ ಮುಂದೆ ಪಟ್ಟಿ ಇಟ್ಟು, ಇದು ಕಿತ್ತ ಪ್ರೊಸೆಸರಿನ ಹಿಂಬದಿ ಎಂದು ಅವರ ಬಾಯಿಂದಲೇ ಹೊರಡಿಸುತ್ತೇನೆ. ಅವರೂ ಇದರಲ್ಲಿ ಕೂಡಿದ್ದರೆ ಮುಖ ಹೇಳುತ್ತದೆ. ಬಂದು ಇಸ್ರಾರನ ಪಾಲು ಮುರಿಯುತ್ತೇನೆ. ಸಂತೆಯಲ್ಲಿ ಲೆಕ್ಕ ಮುಗಿಸುವ ಹಾಗೆ, ಹಿಡಿ ಎತ್ತು, ಬಿಡು ಹಗ್ಗ. ಸಾಹೇಬರು ಬರುವ ದಿನಕ್ಕೆ ಎಲ್ಲಿಂದಾದರೂ ಒಂದು ಸರ್ವರ್ ಎರವಲು ತರಬಹುದು. ಎಲ್ಲಿಂದ ಎಂಬುದು ಇನ್ನೂ ಹೊಳೆದಿಲ್ಲ.

೧೫ ಡಿಸೆಂಬರ್, ಸೋಮವಾರ

ಯರಗಟ್ಟಿಯಲ್ಲಿ ಬಸ್ ಬದಲಿಸಿ ಬೈಲಹೊಂಗಲ ಮುಟ್ಟಿದೆ. ಗಂಗಯ್ಯನವರು ವಿಭೂತಿ ಹಚ್ಚಿಕೊಂಡು ಆಗಷ್ಟೇ ಅಂಗಡಿಯಲ್ಲಿ ಕುಳಿತಿದ್ದರು. ನಾನು ವಲ್ಲಿಯ ಗಂಟು ಬಿಚ್ಚಿ ಪಟ್ಟಿಯನ್ನು ಮುಂದಿಟ್ಟೆ. ಅವರ ಮುಖವನ್ನೇ ನೋಡುತ್ತಿದ್ದೆ.

ಅವರ ಮುಖ ಅರಳಿತು.

"ಸಿಕ್ತೇನ್ರಿ? ಛಲೋ ಆತು. ಗುರುವಾರ ಇಸ್ರಾರ ಫೋನ್ ಹಚ್ಚಿದ್ದ. ನಮ್ಮ ಡಮ್ಮಿ ಕಾರ್ಡ್ ಕಳದೈತಿ, ನಿಮ್ಮಲ್ಲಿ ಇನ್ನೊಂದು ಐತೇನು ಅಂದ. ಇಂಥಾ ಹಳೇದು ಎಲ್ಲಿಂದ ತರ್ಲಿ ನಾ? ಹುಬ್ಬಳ್ಳಿ, ಬೆಳಗಾವಿ ಎಲ್ಲಾ ಕೇಳಿಸೇನಿ. ಎಲ್ಲಿತ್ತು?"

"ಮನ್ಯಾಗ."

"ಮನಿಗೆ ಹೆಂಗ ಬಂತು?"

ನಾನು ಕೆಮ್ಮಿದೆ. "ಇದು ಕಳದ್ರ ಏನಾಗತೈತ್ರಿ?" ಎಂದೆ.

"ಏನಾಗತೈತಿ? ಯಂತ್ರ ಏಳೂದಿಲ್ಲ. ಈ ಬೋರ್ಡಿಗೆ ಎರಡು ಪ್ರೊಸೆಸರ್ ಹಾಕಾಕ ಜಾಗ ಅದಾವು. ಒಂದ ಹಾಕಿದ್ರ ಎರಡನೇ ಜಾಗ ಖಾಲಿ ಬಿಡಾಕ ಬರೂದಿಲ್ಲ, ಈ ಡಮ್ಮಿ ಹಾಕಬೇಕು. ನೊಗದಾಗ ಒಂದ ಎತ್ತು ಕಟ್ಟಿದ್ರ ನಡೀತೈತೇನು? ಆ ಕಡೆ ಯಾರರ ಹೆಗಲು ಕೊಡಬೇಕಿಲ್ಲೊ? ಇದು ಆ ಹೆಗಲು. ಕೆಲಸ ಮಾಡೂದಿಲ್ಲ, ನೊಗ ಹಿಡಕೊಂಡಿರತೈತಿ."

"ಪೆಟಗಿ ಮ್ಯಾಲ ಡ್ಯುಯಲ್ ಅಂತ ಐತಲ್ರಿ?"

"ಎರಡು ಕುಂದರತಾವು ಅಂತ. ಕುಂತಾವು ಅಂತಲ್ಲ. ಪುಣೆದವ್ರು ಇಟ್ಟಿದ್ದ ಒಂದು. ನಾ ಎರಡನೇದು ಮಾರಾಕ ಎಷ್ಟು ಬಡಕೊಂಡೆ, ಇಸ್ರಾರ ಒಪ್ಪಬೇಕಲ್ಲ? ಡಮ್ಮಿ ಐತಿ, ನಡದೈತಿ, ಅಣ್ಣನ ತಲ್ಯಾಗ ಇಲ್ಲದ್ದು ತುಂಬಬ್ಯಾಡ್ರಿ ಅಂದ ನನಗ." ಗಂಗಯ್ಯನವರು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಮತ್ತ ಇದು ಕಳದದ್ದು ಹೆಂಗ ಅಂತ ಕೇಳಿದೆ. ನನ್ನ ಕೈಯಾಗ ಕಳದೈತ್ರಿ, ಸ್ವಚ್ಛ ಮಾಡಾಕ ತಗದಿದ್ದೆ, ಎಲ್ಲಿ ಇಟ್ಟೆ ನೆನಪಿಲ್ಲ ಅಂದ. ಅವಗ ಹಂಗ ಆಗೂದಿಲ್ಲ, ಆದ್ರೂ ಅಂದ."

ಅವರು ಚಹಾ ತರಿಸಿದರು. ಯಾವ ರುಚಿಯೂ ಇರಲಿಲ್ಲ.

ಬಸ್ಸಿನಲ್ಲಿ ವಿಚಾರ ಮಾಡಿದೆ. ಬುಧವಾರ ತಗಡು ಬಿಚ್ಚಿದಾಗಲೇ ಅವನಿಗೆ ಗೊತ್ತಾಗಿದೆ. ಚಾವಿ ಯಾರ ಹತ್ತಿರ ಇದೆ ಎಂಬುದೂ ಗೊತ್ತು. ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲ, ತನ್ನ ಹೆಸರು ಹೇಳಿದ. ಇದರಲ್ಲಿ ಅವನಿಗೆ ಏನು ಲಾಭ? ಯರಗಟ್ಟಿಯವರೆಗೂ ಹುಡುಕಿದೆ. ಬಸ್ ಬದಲಿಸಿ ಮತ್ತೆ ರಾಮದುರ್ಗದವರೆಗೂ ಹುಡುಕಿದೆ. ಸಿಗಲಿಲ್ಲ. ನನ್ನ ಕಣ್ಣಿಗೆ ಬೀಳದ ಲಾಭ ಎಂದರೆ ಬಹಳ ಆಳದ್ದೇ ಇರಬೇಕು.

೧೬ ಡಿಸೆಂಬರ್, ಮಂಗಳವಾರ

ಹೋದಾಗ ಇಸ್ರಾರ ತಗಡು ಬಿಚ್ಚಿಟ್ಟ ಸರ್ವರಿನ ಮುಂದೆ ಸುಮ್ಮನೆ ಕುಳಿತಿದ್ದ. ಕಪಾಟನ್ನು ನಾನು ಬುಧವಾರದಿಂದ ಬೀಗ ಹಾಕದೆಯೇ ಬಿಟ್ಟಿದ್ದೆ, ಕೆಟ್ಟದ್ದನ್ನು ಯಾರು ಒಯ್ಯುತ್ತಾರೆ ಎಂದು.

ಏನೆಂದು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಮಾತೇ ಮಾರಿ ಬದುಕಿದವನು ನಾನು. ಬಾಯಿ ತೆರೆದರೆ ಒಂದೂ ಬರಲಿಲ್ಲ. ಎದುರಿಗೆ ಸ್ಟೂಲು ಎಳೆದು ಕುಳಿತು, ಹೆಗಲ ಮೇಲಿನ ವಲ್ಲಿಯನ್ನು ಬಲಗೈ ಮೇಲೆ ಹೊದ್ದು, ಕೈಯನ್ನು ಮುಂದೆ ಚಾಚಿದೆ.

ಇಸ್ರಾರ ವಲ್ಲಿಯನ್ನು ನೋಡಿದ. ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ತನ್ನ ಕೈಯನ್ನು ಅದರ ಕೆಳಗೆ ತೂರಿಸಿ, ಸಂತೆಯಲ್ಲಿ ಮಾಡಿದ ಹಾಗೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ನಾನು ಗೋಡೆಯ ಕಡೆ ತಿರುಗಿಸಿದೆ.

ಅವನ ಬೆರಳುಗಳಿಗೆ ನನ್ನ ಕೈಯಲ್ಲಿದ್ದ ಡಮ್ಮಿ ಪಟ್ಟಿ ಸಿಕ್ಕಿತು. ಅಂಚನ್ನು ಸವರಿದವು. ಮೂಲೆ ಮುರಿದಿದೆಯೋ ಎಂದು ನೋಡಿದವು. ಎರಡನೇ ಕೈ ತಂದು ಅದನ್ನು ಇಸಿದುಕೊಂಡ, ಆದರೆ ನನ್ನ ಬಲಗೈಯನ್ನು ಬಿಡಲಿಲ್ಲ. ನನ್ನ ನಾಲ್ಕು ಬೆರಳುಗಳನ್ನು ಒಟ್ಟಿಗೆ ಹಿಡಿದು ಒತ್ತಿದ.

ನಾಲ್ಕು. ನಾಲ್ಕು ಪಟ್ಟಿ ಮೆಮೊರಿ.

ಕೈ ತನ್ನ ಚಾಳಿ ಬಿಡುವುದಿಲ್ಲ. ನಾನು ಎರಡನ್ನು ಮಡಚಿದೆ. ಅವನು ಮಡಚಿದ್ದನ್ನು ಬಿಡಿಸಿ ಮತ್ತೆ ನಾಲ್ಕೂ ಒತ್ತಿದ. ಎರಡನೇ ಸಲ ಮಡಚಲಿಲ್ಲ. ಶನಿವಾರ ಹತ್ತಿರ ಬಂದಿದೆ, ಚೌಕಾಸಿಗೆ ಹೊತ್ತಿಲ್ಲ, ಅದಕ್ಕೆ.

ವ್ಯವಹಾರ ಮುಗಿಯಿತು ಎಂದು ಕೈ ಹಿಂದಕ್ಕೆ ತೆಗೆಯಹೋದೆ. ಬಿಡಲಿಲ್ಲ. ನನ್ನ ತೋರುಬೆರಳೊಂದನ್ನೇ ಹಿಡಿದು, ಬೀಗ ತೆಗೆಯುವ ಹಾಗೆ ಒಂದು ಸುತ್ತು ತಿರುವಿದ.

ಗೋಡೆಯ ಮೇಲೆ ಹಲ್ಲಿಯೊಂದು ಇತ್ತು. ಅದನ್ನೇ ನೋಡುತ್ತಿದ್ದೆ. ಮತ್ತೊಮ್ಮೆ ತಿರುವಿದ. ಎಡಗೈಯಿಂದ ಉಡದಾರದ ಚಾವಿ ಬಿಚ್ಚಿ ವಲ್ಲಿಯ ಕೆಳಗೆ ಕೊಟ್ಟೆ.

ಅವನು ಪಟ್ಟಿಯನ್ನು ಎರಡನೇ ಜಾಗದಲ್ಲಿ ಕೂರಿಸಿ ಗುಂಡಿ ಒತ್ತಿದ. ಪರದೆ ಬೆಳಗಿತು.

"ಮದರ್‌ಬೋರ್ಡ್ ಹೋಗಿರಬೇಕು ಅಂದಿದ್ರಿ, ಹೋಗಿಲ್ಲ ನೋಡ್ರಿ," ಎಂದ. ನಾನು ಹಾಗೆ ಅಂದಿರಲೇ ಇಲ್ಲ. ಹೂಂ ಎಂದೆ.

"ಚಾ ಹೇಳ್ಲೇನು?" ಎಂದು ನಾನೇ ಕೇಳಿದೆ.

ಮನೆಯಲ್ಲಿ ಮೀನಾ ಏನಾಯಿತು ಎಂದಳು. ವಲ್ಲಿಯ ಕೆಳಗಿನ ಮಾತು ಎಂದೆ. ರೊಟ್ಟಿ ಇವತ್ತು ಮೆತ್ತಗಿದ್ದವು.

೧೮ ಡಿಸೆಂಬರ್, ಗುರುವಾರ

ಗಂಗಯ್ಯನವರು ನಾಲ್ಕು ಪಟ್ಟಿಗಳನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದರು. ತನ್ನ ತಪ್ಪು ತಾನೇ ಹಿಡಿಯುವ ಜಾತಿಯವು. ಇಸ್ರಾರ ಹಾಕುವಾಗ ನಾನು ಹೊರಗೆ ಕುಳಿತಿದ್ದೆ, ಯಾರೋ ಶುಲ್ಕ ವಿಚಾರಿಸಲು ಬಂದಿದ್ದರು. ಹದಿನೈದೂ ಮಕ್ಕಳನ್ನು ಕೂರಿಸಿ ನೋಡಿದೆವು. ಮೆಮೊರಿಯ ಗೆರೆ ನಡುವಿಗೆ ಬಂದು ನಿಂತಿತು. ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಕಣ್ಣು ಹೊಡೆಯಿತು, ಅಷ್ಟೇ.

"ಎರಡು ಸಾಕಾಗತಿತ್ತೇನೊ," ಎಂದೆ.

"ನಾಳೆ ನಿಮ್ಮ ನಸೀಬ ತೆರದು ಇಪ್ಪತ್ತು ಮಂದಿ ಬಂದ್ರ?"

೨೦ ಡಿಸೆಂಬರ್, ಶನಿವಾರ

ಸಾಹೇಬರು ಬಂದರು. ಒಂದು ತಾಸು ಎಂದದ್ದು ಸ್ವಲ್ಪ ಹೆಚ್ಚೇ ಆಯಿತು, ನನ್ನ ಮಾತಿನಿಂದ. ಒಂದೂ ಯಂತ್ರ ನಿಲ್ಲಲಿಲ್ಲ. ಕೇಂದ್ರ ನಮ್ಮದು.

"ಸರ್ವರ್ ಡ್ಯುಯಲ್ ಏನ್ರಿ?" ಎಂದು ಚೀಟಿ ನೋಡಿ ಕೇಳಿದರು.

"ಹೌದ್ರಿ, ಇಬ್ಬರ ಮ್ಯಾಲ ನಡೀತೈತಿ," ಎಂದೆ. ಇಸ್ರಾರ ಕೆಮ್ಮಿದ.

೨೨ ಡಿಸೆಂಬರ್, ಸೋಮವಾರ

ಇಸ್ರಾರನಿಂದ ಚಾವಿ ಇಸಿದುಕೊಂಡು ಪೇಟೆಯಲ್ಲಿ ಅದಕ್ಕೆ ಜೋಡಿ ಮಾಡಿಸಿದೆ. ಮೂರನೆಯದನ್ನು ಮಾಡಿ ಇಟ್ಟುಕೊಂಡಿಲ್ಲವಲ್ಲ ಎಂದು ಮಾಡಿದವನನ್ನು ಎರಡು ಸಲ ಕೇಳಿದೆ. ಇಸ್ರಾರನಿಗೆ ಹೊಸದನ್ನು ಕೊಟ್ಟು ಹಳೆಯದನ್ನು ನಾನು ಇಟ್ಟುಕೊಂಡೆ.

ಮಧ್ಯಾಹ್ನ ಅವನು ನಮಾಜಿಗೆ ಹೋದಾಗ ಕೋಣೆಯಲ್ಲಿ ಒಬ್ಬನೇ ಇದ್ದೆ. ಕೆಲಸವೂ ಇರಲಿಲ್ಲ. ಪಟ್ಟಿ ಹಾಕುವಾಗ ನಾನು ಹೊರಗಿದ್ದೆನಲ್ಲ, ನಾಲ್ಕೂ ಹಾಕಿದ್ದಾನೋ ಮೂರೇ ಹಾಕಿದ್ದಾನೋ ಎಂಬ ಒಂದು ಹುಳ ಗುರುವಾರದಿಂದ ತಲೆಯಲ್ಲಿ ಇತ್ತು. ಅನುಮಾನವೇನೂ ಅಲ್ಲ, ಲೆಕ್ಕ. ಸರ್ವರ್ ಆರಿಸಿ ತಗಡು ಬಿಚ್ಚಿದೆ.

ನಾಲ್ಕು ಪಟ್ಟಿಗಳು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಫ್ಯಾನು ಹೊತ್ತ ಕರಿಯ ಆಸಾಮಿ. ಅದರ ಪಕ್ಕದಲ್ಲಿ ನನ್ನ ಹಸಿರು ಡಮ್ಮಿ. ಡಮ್ಮಿಯ ಮೇಲೆ ಬಿಳಿ ಚೀಟಿ ಅಂಟಿಸಿತ್ತು, ಇಸ್ರಾರನ ಉರುಟು ಅಕ್ಷರ:

"ನಾಲ್ಕೂ ಅದಾವು, ಎಣಿಸಿಕೊಳ್ರಿ. ಇದನ್ನ ಮಾತ್ರ ಕೀಳಬ್ಯಾಡ್ರಿ ಅಣ್ಣ."

ಬಹಳ ಹೊತ್ತು ಓದಿದೆ. ಓದಲು ಅಷ್ಟೇನೂ ಇರಲಿಲ್ಲ.

ತಗಡು ಮುಚ್ಚಿದೆ. ಮೂರು ಸ್ಕ್ರೂಗಳನ್ನು ಮೊದಲಿನಷ್ಟೇ ಬಿಗಿದೆ. ನಾಲ್ಕನೆಯದನ್ನು ಅರ್ಧಕ್ಕೇ ಬಿಟ್ಟೆ, ಅವನ ಕಣ್ಣಿಗೆ ಬೀಳಲಿ ಎಂದು.